ನೀರಿಗೆ ಮುಂಚಿನ ಕೂಗು

ನನ್ನ ಪಾರ್ಲರಿನ ಕುರ್ಚಿಯಲ್ಲಿ ಕೂತವರೆಲ್ಲ ಒಂದೇ ರಾಗ ಹಾಡುತ್ತಾರೆ. "ನಿಮಗೇನು ಬಿಡಿ, ಮನೆಯಲ್ಲೇ ಕೋಚ್ ಇದ್ದಾರೆ. ಅದೂ ಅಂಥವರು." ನಾನು ಬಾಚಣಿಗೆಯನ್ನು ನೀರಿಗೆ ಅದ್ದಿ ಹೂಂ ಅನ್ನುತ್ತೇನೆ. ಕೈಯಲ್ಲಿ ಕತ್ತರಿ ಇರುವಾಗ ಜಗಳ ಆಡಬಾರದು ಅನ್ನುವಷ್ಟು ಬುದ್ಧಿ ನನಗಿದೆ. ಆದರೆ ಮೈ ಉರಿದುಹೋಗುತ್ತದೆ. ನನ್ನ ತಲೆಯಲ್ಲಿ ಒಳ್ಳೆಯ ಕೂದಲಿದೆ ಅಂತ ನನಗೆ ಕತ್ತರಿಸುವುದು ಬಂತಾ? ಬೈಸಿಕೊಂಡು, ನಾಲ್ಕು ಜನರ ತಲೆ ಕೆಡಿಸಿ ಕಲಿತೆ. ಇಷ್ಟು ಸಣ್ಣ ವಿಷಯ ಈ ಜನಕ್ಕೆ ಯಾಕೆ ಹೊಳೆಯುವುದಿಲ್ಲವೋ.

ಅಂಥವರು ಅಂದರೆ ನನ್ನ ಅಕ್ಕ. ಎತ್ತರದ ಕಟ್ಟೆಯಿಂದ ನೀರಿಗೆ ಹಾರುವುದರಲ್ಲಿ ಅವಳ ಕಾಲದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಪೇಪರಿನವರು ಅವಳಿಗೆ 'ಬಾಣ' ಎಂದು ಹೆಸರಿಟ್ಟಿದ್ದರು. ಈಜುಕೊಳದ ಬಾಗಿಲಲ್ಲಿ ಅವಳ ಫೋಟೋ ಈಗಲೂ ಇದೆ, ಬಾಗಿಲಿನಷ್ಟೇ ದೊಡ್ಡದು. ಹಾರುವುದು ಬಿಟ್ಟ ಮೇಲೆ ಅದೇ ಕೊಳದಲ್ಲಿ ಕೋಚ್ ಆದಳು. ನನ್ನ ಮಗಳು ಅವಳ ಶಿಷ್ಯೆ. ಜೊತೆಯ ಹುಡುಗಿಯರು ಮಗಳನ್ನು 'ಏಣಿ' ಅಂತ ಕರೆಯುತ್ತಾರೆ, ಅಷ್ಟು ಉದ್ದ. ಉದ್ದ ಅವಳಪ್ಪನ ಕಡೆಯಿಂದ ಬಂದದ್ದು. ಲಾರಿ ಓಡಿಸುವ ಆ ಮನುಷ್ಯ ವಾರಗಟ್ಟಲೆ ಊರೂರು ಸುತ್ತುತ್ತಾನೆ. ಫೋನಿನಲ್ಲಿ "ಚೆನ್ನಾಗಿದಾಳೆ" ಅಂದರೆ ಅವನಿಗೆ ನಿದ್ದೆ ಬರುತ್ತದೆ. ನಿದ್ದೆ ಬಾರದಿರುವ ಕೆಲಸವೆಲ್ಲ ನನ್ನದು.

ಅದು ಎಂಥ ಆಟ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮೇಲಿನ ಕಟ್ಟೆ ಅಂದರೆ ಮೂರಂತಸ್ತಿನ ಮನೆಯ ತಾರಸಿಯಷ್ಟು ಎತ್ತರ. ಅದರ ಅಂಚಿಗೆ ಹೋಗಿ, ನೀರಿಗೆ ಬೆನ್ನು ಮಾಡಿ, ಮುಂಗಾಲಿನ ಮೇಲೆ ನಿಲ್ಲಬೇಕು. ಹಾರಿದ ಕೂಡಲೇ ಮಂಡಿಗಳನ್ನು ಎದೆಗೆಳೆದು ಎರಡೂ ಕೈಯಲ್ಲಿ ತಬ್ಬಿ ಉಂಡೆಯಾಗಬೇಕು. ಆ ಉಂಡೆ ಗಿರಗಿರ ಸುತ್ತುತ್ತಾ ಕೆಳಗೆ ಬರುತ್ತದೆ. ಸರಿಯಾದ ಹೊತ್ತಿಗೆ ಮಂಡಿ ಬಿಟ್ಟು ಮೈ ನೀಟ ಮಾಡಿದರೆ ಕೈ ಮೊದಲು ನೀರು ಸೇರುತ್ತದೆ. ಸ್ವಲ್ಪ ಮುಂಚೆ ಬಿಟ್ಟರೆ ಬೆನ್ನು ಅಂಗಾತ ಬಡಿಯುತ್ತದೆ. ಅಷ್ಟು ಎತ್ತರದಿಂದ ಬಿದ್ದರೆ ನೀರೂ ಒಂದೇ, ಸಿಮೆಂಟಿನ ನೆಲವೂ ಒಂದೇ.

ಸುತ್ತುವವರಿಗೆ ಮೇಲ್ಯಾವುದು ಕೆಳಗ್ಯಾವುದು ಅಂತ ಮೊದಮೊದಲು ತಿಳಿಯುವುದಿಲ್ಲ. ಅದಕ್ಕೇ ಹೊಸ ಡೈವ್ ಕಲಿಯುವಾಗ ಕೋಚ್ ಕೆಳಗೆ ನಿಂತು ಕೂಗಬೇಕು. ಕೂಗಿದಾಗ ಹುಡುಗಿ ಬಿಡಬೇಕು. ಒಬ್ಬೊಬ್ಬ ಕೋಚ್‌ಗೆ ಒಂದೊಂದು ಕೂಗು. ಅಕ್ಕನ ಕೂಗು "ಬಿಡು". ಪ್ರಾಕ್ಟೀಸಿನಲ್ಲಿ ಮಾತ್ರ ಈ ಸವಲತ್ತು. ಸ್ಪರ್ಧೆಯಲ್ಲಿ ಯಾರೂ ಕೂಗುವ ಹಾಗಿಲ್ಲ.

ಅಕ್ಕನಿಗೆ ಯಾರೂ ಕೂಗುತ್ತಿರಲಿಲ್ಲ. ಅವಳಿಗೆ ಕಲಿಸಿದ ಮೇಷ್ಟ್ರು ಎತ್ತರ ಕಂಡರೆ ಹೆದರುವ ದಪ್ಪ ಮನುಷ್ಯ, ಏಣಿಯ ನಾಲ್ಕು ಮೆಟ್ಟಿಲು ಹತ್ತಿದರೆ ಕಂಬಿ ಹಿಡಿದುಕೊಳ್ಳುತ್ತಿದ್ದರು. ಮೊದಲ ದಿನ ಕೂಗಲು ಬಾಯಿ ತೆರೆದರಂತೆ, ಅಷ್ಟರಲ್ಲಿ ಇವಳು ತಾನಾಗಿಯೇ ಬಿಟ್ಟು ನೀರು ಸೇರಿಯಾಗಿತ್ತು. ಆಮೇಲೆ ಅವರು ಬಾಯಿ ತೆರೆದದ್ದು ಕಡಲೆಕಾಯಿ ತಿನ್ನಲಿಕ್ಕೆ ಮಾತ್ರ. ಈ ಕಥೆಯನ್ನು ಅಕ್ಕ ನಗುತ್ತಾ ಹೇಳುತ್ತಾಳೆ. ಮಗಳು "ಹೆಂಗೆ ಗೊತ್ತಾಗ್ತಿತ್ತು ದೊಡ್ಡಮ್ಮ?" ಅಂತ ಕೇಳಿದರೆ, "ಗೊತ್ತಾಗತ್ತೆ ಅಷ್ಟೇ ಕಣೇ, ಅದರಲ್ಲಿ ಹೇಳೋದೇನಿದೆ," ಅನ್ನುತ್ತಾಳೆ. ಮಗಳು ಆ ರಾತ್ರಿ ಊಟ ಸರಿಯಾಗಿ ಮಾಡುವುದಿಲ್ಲ. ತನ್ನಲ್ಲೇ ಏನೋ ಊನ ಇದೆ ಅಂದುಕೊಳ್ಳುತ್ತಾಳೆ.

ಹೋದ ತಿಂಗಳು ಅವಳು ಬಿದ್ದಳು. ಅದು ಹೊಸ ಡೈವ್, ಅದಿಲ್ಲದಿದ್ದರೆ ತಂಡದ ಸೆಲೆಕ್ಷನ್‌ನಲ್ಲಿ ಯಾರೂ ಇವಳ ಕಡೆ ತಿರುಗಿಯೂ ನೋಡುವುದಿಲ್ಲವಂತೆ. ಬೆನ್ನು ಅಂಗಾತ ಬಡಿದು ನೀರಿನಿಂದ ಎತ್ತಿದಾಗ ಕೆಮ್ಮಿನಲ್ಲೂ ಮೂಗಿನಲ್ಲೂ ರಕ್ತ ಬಂತು. ಆಸ್ಪತ್ರೆಗೆ ಓಡಿದೆವು. ಶ್ವಾಸಕೋಶಕ್ಕೆ ಏನೂ ಆಗಿಲ್ಲ, ವಯಸ್ಸು ಚಿಕ್ಕದು, ವಾಸಿಯಾಗುತ್ತದೆ ಅಂದರು ಡಾಕ್ಟರು. ಹೋಗುವಾಗ, "ಇನ್ನೊಂದ್ಸಲ ಹೀಗೆ ಬಿದ್ರೆ ನಾನು ಇದೇ ಮಾತು ಹೇಳೋಕಾಗಲ್ಲ," ಅಂತಲೂ ಅಂದರು. ಆ ಮಾತು ಅಂದಿನಿಂದ ನನ್ನ ತಲೆಯಲ್ಲೇ ಮನೆ ಮಾಡಿಕೊಂಡು ಕೂತಿದೆ.

"ಬೇಗ ಬಿಟ್ಬಿಟ್ಲು," ಅಂದಳು ಅಕ್ಕ.

"ದೊಡ್ಡಮ್ಮ ಕೂಗಿದಾಗಲೇ ಬಿಟ್ಟಿದ್ದು," ಅಂದಳು ಮಗಳು, ಮೂಗಿನಲ್ಲಿ ಹತ್ತಿ ಇಟ್ಟುಕೊಂಡು.

ಇಬ್ಬರೂ ಸುಳ್ಳು ಹೇಳುವವರಲ್ಲ. ನಾನು ಯಾರನ್ನು ನಂಬಲಿ? ಬೇಡ, ಈ ಆಟವೇ ಬೇಡ ಅಂದೆ. ಮಗಳು ಮನೆ ಬಿಟ್ಟು ಹೋಗ್ತೀನಿ ಅಂತ ಕೂಗಾಡಿ, ಮುಖ ಊದಿಸಿಕೊಂಡು ಗೋಡೆಗೆ ತಿರುಗಿ ಮಲಗಿದಳು. ಕೊನೆಗೆ ಸೋತವಳು ನಾನೇ. ಬೆನ್ನಿನ ನೀಲಿ ಕಲೆ ಮಾಸಿದ ಮೇಲೆ ಅವಳು ಮತ್ತೆ ಮೇಲಿನ ಕಟ್ಟೆ ಹತ್ತತೊಡಗಿದಳು. ದಿನಾ ಸಂಜೆ ಮನೆಗೆ ಬರುವಾಗ ಬೆನ್ನು ಕೆಂಪಗಿರುತ್ತಿತ್ತು. ಪೂರ್ತಿ ಅಂಗಾತ ಬೀಳದಿದ್ದರೂ ಸರಿಯಾಗಿ ಇಳಿದಿಲ್ಲ ಅಂತ ಆ ಬಣ್ಣವೇ ಹೇಳುತ್ತಿತ್ತು. ಎಣ್ಣೆ ಹಚ್ಚುತ್ತಾ "ಹೆಂಗಿತ್ತು?" ಅಂತ ಕೇಳಿದರೆ "ಪರವಾಗಿಲ್ಲ" ಅನ್ನುತ್ತಿದ್ದಳು. ಬೇರೆ ಮಾತೇ ಇಲ್ಲ.

ಸೆಲೆಕ್ಷನ್‌ಗೆ ಎರಡು ದಿನ ಇರುವಾಗ ಅಕ್ಕ ಕೂದಲು ಕತ್ತರಿಸಿಕೊಳ್ಳಲು ಪಾರ್ಲರಿಗೆ ಬಂದಳು. ಮಧ್ಯಾಹ್ನ, ಬೇರೆ ಗಿರಾಕಿಗಳಿರಲಿಲ್ಲ. ಕುತ್ತಿಗೆಗೆ ಬಟ್ಟೆ ಕಟ್ಟಿ, ತಲೆ ಒದ್ದೆ ಮಾಡಿ, ಒಂದು ಬದಿ ಮುಗಿಸಿದೆ. ಅವಳು ಫೋನಿನಲ್ಲಿ ಮಗಳ ಡೈವ್ ನೋಡುತ್ತಿದ್ದಳು. ಜೊತೆಯ ಹುಡುಗಿ ಹಿಂದಿನ ದಿನ ತೆಗೆದ ವಿಡಿಯೋ. ನಾನು ಆ ವಿಡಿಯೋಗಳನ್ನು ನೋಡುವುದಿಲ್ಲ, ಎದೆ ತಡೆಯುವುದಿಲ್ಲ. ಅದಕ್ಕೇ ಕಣ್ಣು ತಪ್ಪಿಸಿ ಎದುರಿನ ಕನ್ನಡಿಯಲ್ಲಿ ಅಕ್ಕನ ಮುಖ ನೋಡುತ್ತಿದ್ದೆ.

ಅಕ್ಕನ ಗಲ್ಲ ಎದೆಗೆ ಇಳಿಯಿತು. ಬಟ್ಟೆಯ ಕೆಳಗೆ ಮಂಡಿಗಳು ಒಂದಿಷ್ಟು ಮೇಲೆದ್ದವು. ತುಟಿ ಅಲ್ಲಾಡಿ "ಬಿಡು" ಅಂದಿತು. ಅದೇ ಹೊತ್ತಿಗೆ ಫೋನಿನೊಳಗಿಂದ ಅವಳದೇ ಧ್ವನಿ "ಬಿಡು" ಅಂತ ಕೂಗಿತು. ಅವಳ ಕಣ್ಣು ಮುಚ್ಚಿತ್ತು.

ನನ್ನ ಕತ್ತರಿ ನಿಂತಿತು. "ಅಕ್ಕ, ಅದನ್ನ ಇನ್ನೊಂದ್ಸಲ ಹಾಕು."

"ಯಾಕೆ? ನೀನು ನೋಡಲ್ವಲ್ಲ."

"ಹಾಕು ಅಂದ್ನಲ್ಲ."

ಹಾಕಿದಳು. ಮತ್ತೆ ಅದೇ. ಹುಡುಗಿ ಕಟ್ಟೆಯಿಂದ ಕಾಲು ಎತ್ತುವವರೆಗೆ ಅಕ್ಕನ ಕಣ್ಣು ತೆರೆದೇ ಇರುತ್ತದೆ. ಕಾಲು ಎದ್ದ ಕೂಡಲೇ ಮುಚ್ಚಿಕೊಳ್ಳುತ್ತದೆ. ಮೂರನೇ ಸಲ ನಾನು ಗಟ್ಟಿ ಮನಸ್ಸು ಮಾಡಿ ಫೋನಿನ ಕಡೆಯೂ ಒಂದು ಕಣ್ಣಿಟ್ಟೆ. "ಬಿಡು" ಅನ್ನುವಾಗ ನನ್ನ ಮಗಳ ಮುಖ ಇನ್ನೂ ಚಾವಣಿ ಕಡೆಗಿತ್ತು. ಇನ್ನೂ ಸುತ್ತು ಬಾಕಿ ಇರುವಾಗಲೇ ಅಕ್ಕನ ಮಾತು ಕೇಳಿ ಪಾಪ ಅವಳು ಮಂಡಿ ಬಿಟ್ಟಳು.

ಎಲ್ಲ ಅರ್ಥವಾಯಿತು. ಅಕ್ಕ ಗಿಡ್ಡಿ, ಗುಂಡುಕಲ್ಲಿನ ಹಾಗೆ ಬಿಗಿಯಾಗಿ ಸುತ್ತುತ್ತಿದ್ದಳು. ನನ್ನ ಮಗಳ ಕಾಲೇ ಅಷ್ಟುದ್ದ, ಅವಳು ಸುತ್ತುವುದು ನಿಧಾನ. ಅಕ್ಕ ಕೆಳಗೆ ನಿಂತು ಮಗಳನ್ನು ನೋಡುತ್ತಿಲ್ಲ. ತಾನೇ ಹಾರುತ್ತಿದ್ದಾಳೆ. ತನ್ನ ಮೈ ಯಾವಾಗ ಬಿಡುತ್ತಿತ್ತೋ ಆಗ ಕೂಗುತ್ತಿದ್ದಾಳೆ.

"ಅಕ್ಕ, ನೀನು ಅವಳನ್ನ ನೋಡ್ತಾನೇ ಇಲ್ಲ," ಅಂದೆ.

"ಏನು?"

"ಅವಳು ಹಾರಿದ ತಕ್ಷಣ ನೀನು ಕಣ್ಣು ಮುಚ್ಕೋತೀಯ. ಈಗ ಮೂರು ಸಲ ನೋಡ್ದೆ. ಕೂಗೋದು ನಿನಗೆ ನೀನೇ, ಅವಳಿಗಲ್ಲ."

ಅಕ್ಕ ಕನ್ನಡಿಯಲ್ಲಿ ನನ್ನನ್ನೇ ದಿಟ್ಟಿಸಿದಳು. ಅವಳಿಗೆ ಕೋಪ ಬರುವಾಗ ಕಿವಿ ಮೊದಲು ಕೆಂಪಾಗುತ್ತದೆ. ಕೂದಲು ಕತ್ತರಿಸಿದ ಬದಿಯ ಕಿವಿ ಚೆನ್ನಾಗಿ ಕಾಣುತ್ತಿತ್ತು.

"ಈಜೋಕೂ ಬಾರದವಳು ನೀನು. ಬಕೆಟ್ ನೀರಿಗೆ ಹೆದರೋಳು. ನನಗೆ ಡೈವಿಂಗ್ ಹೇಳಿಕೊಡ್ತೀಯಾ?"

"ಡೈವಿಂಗ್ ಹೇಳಿಕೊಡ್ತಿಲ್ಲ. ಕಣ್ಣು ತೆರೆದುಕೊಂಡಿರು ಅಂತ ಹೇಳ್ತಿದೀನಿ. ಅಷ್ಟು ನನಗೂ ಬರತ್ತೆ."

ಅವಳು ಕುತ್ತಿಗೆಯ ಬಟ್ಟೆ ಕಿತ್ತು ಕುರ್ಚಿಯ ಮೇಲೆ ಎಸೆದು ಎದ್ದಳು. "ಒಂದು ಬದಿ ಬಾಕಿ ಇದೆ," ಅಂದೆ. "ನಿನ್ನ ತಲೆ," ಅಂತ ಹೇಳಿ ಹೊರಟೇಹೋದಳು. ಅರ್ಧ ಗಿಡ್ಡ, ಅರ್ಧ ಉದ್ದ ಕೂದಲಿನಲ್ಲಿ ರಸ್ತೆ ದಾಟುತ್ತಿದ್ದ ಅವಳನ್ನು ಎದುರಿನ ಔಷಧಿ ಅಂಗಡಿಯವನು ತಿರುತಿರುಗಿ ನೋಡಿದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಇಡೀ ಸಂಜೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮಗಳಿಗೆ ಹೇಳಲೇ? "ದೊಡ್ಡಮ್ಮನ ಕೂಗು ನಂಬಬೇಡ" ಅಂದರೆ ಏನಾದೀತು? ನಾಳೆ ಗಾಳಿಯಲ್ಲಿ ಸುತ್ತುತ್ತಿರುವಾಗ ಬಿಡಲೋ ಬೇಡವೋ ಅಂತ ಅನುಮಾನ ಬಂದರೆ ಅಲ್ಲೇ ಮುಗಿಯಿತು. ಹೇಳದಿದ್ದರೆ ಅಕ್ಕ ಮತ್ತೆ ಬೇಗ ಕೂಗುತ್ತಾಳೆ, ಇವಳು ಮತ್ತೆ ಬೇಗ ಬಿಡುತ್ತಾಳೆ. ಹೇಳಿದರೂ ಕಷ್ಟ, ಬಿಟ್ಟರೂ ಕಷ್ಟ. ಹೋಗಬೇಡ ಅಂತ ಬಾಗಿಲಿಗೆ ಅಡ್ಡ ನಿಲ್ಲಬಹುದಿತ್ತು. ಹಾಗೆ ನಿಂತರೆ ಅವಳು ಜನ್ಮದಲ್ಲಿ ನನ್ನ ಜೊತೆ ಮಾತಾಡುವುದಿಲ್ಲ. ತಾಯಿ ಅನ್ನಿಸಿಕೊಂಡವಳ ಹಣೆಬರಹವೇ ಇಷ್ಟು. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದ್ದೆ. ಮಗಳು ಮಾತಾಡದೆ ಉಂಡಳು. ಅವಳಿಗೂ ರುಚಿ ತಿಳಿದಿರಲಿಲ್ಲ ಅಂತ ಕಾಣುತ್ತದೆ.

ಬೆಳಿಗ್ಗೆ ಪಾರ್ಲರಿಗೆ ಬೀಗ ಹಾಕಿ ನಾನೂ ಕೊಳಕ್ಕೆ ಹೊರಟೆ. "ನೀನ್ಯಾಕಮ್ಮಾ?" ಅಂದಳು ಮಗಳು.

"ಸುಮ್ನೆ."

"ನೀನು ಬಂದ್ರೆ ನನಗೆ ಕೈ ನಡುಗತ್ತೆ."

"ಬರದಿದ್ರೆ ನನಗೆ ನಡುಗತ್ತೆ. ನಡಿ."

ಆ ಕೊಳ ಒಳಾಂಗಣದ್ದು. ಕ್ಲೋರಿನ್ ವಾಸನೆ, ಒದ್ದೆ ಟೈಲ್ಸು, ತಗಡಿನ ಚಾವಣಿ. ಒಬ್ಬರು ಸೀನಿದರೆ ನಾಲ್ಕು ಕಡೆಯಿಂದ ಸೀನಿದ ಹಾಗೆ ಕೇಳುತ್ತದೆ. ಅಕ್ಕ ಕೊಳದ ಬದಿಯಲ್ಲಿ ನಿಂತಿದ್ದಳು, ತಲೆಗೊಂದು ಟೋಪಿ ಎಳೆದುಕೊಂಡು. ನನ್ನನ್ನು ನೋಡಿದರೂ ನೋಡದ ಹಾಗೆ ಇದ್ದಳು. ಮಗಳನ್ನು ಹತ್ತಿರ ಕರೆದು ಭುಜ ತಟ್ಟಿ, "ಸುಮ್ನೆ ಹಾರು, ಏನೂ ಯೋಚನೆ ಮಾಡಬೇಡ," ಅಂದಳು. ಯೋಚನೆ ಮಾಡದೆ ಹಾರಿದವಳು ಇನ್ನೇನು ಹೇಳಿಯಾಳು. ನಾನು ಅಕ್ಕನ ಹಿಂದೆ, ಗೋಡೆಗೆ ಹಾಕಿದ ಬೆಂಚಿನ ಪಕ್ಕ ನಿಂತೆ. ಕೂರಲು ಆಗಲಿಲ್ಲ.

ಮಗಳು ಏಣಿ ಹತ್ತಿದಳು. ಹತ್ತುತ್ತಾ ಹತ್ತುತ್ತಾ ಸಣ್ಣವಳಾದಳು. ಕಟ್ಟೆಯ ಅಂಚಿಗೆ ಬಂದು ತಿರುಗಿ ನೀರಿಗೆ ಬೆನ್ನು ಮಾಡಿ ನಿಂತಳು. ಅವಳ ಹಿಮ್ಮಡಿಗಳ ಕೆಳಗೆ ಏನೂ ಇರಲಿಲ್ಲ. ನನ್ನ ಕಣ್ಣು ಮಗಳ ಮೇಲೊಮ್ಮೆ, ಅಕ್ಕನ ಟೋಪಿಯ ಮೇಲೊಮ್ಮೆ ಓಡಾಡುತ್ತಿತ್ತು. ಅಕ್ಕ ತಲೆ ಮೇಲಕ್ಕೆತ್ತಿದ್ದಳು. ಎತ್ತಿಯೇ ಇರಲಿ, ಇಳಿಸಬೇಡ, ಇಳಿಸಬೇಡ ಅಂತ ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಮಗಳು ಹಾರಿದಳು. ಅಕ್ಕನ ತಲೆ ಇಳಿಯಿತು.

ಪಾರ್ಲರಿನ ಕುರ್ಚಿಯಲ್ಲಿ ಕೂತಾಗ ಅವಳ ಗಲ್ಲ ಇಳಿದದ್ದು ನನ್ನ ಕಣ್ಣಿಗೆ ಕಟ್ಟಿತ್ತು. ನನಗೆ ತಡೆಯಲಾಗಲಿಲ್ಲ. "ಅಕ್ಕ, ಕಣ್ಣು ಬಿಡು!" ಅಂತ ಕಿರುಚಿದೆ.

ನನ್ನ ಧ್ವನಿಯೂ ಅಕ್ಕನ ಧ್ವನಿಯೂ ಒಂದೇ. ಫೋನಿನಲ್ಲಿ ನನ್ನ ಗಂಡನಿಗೂ ಗೊತ್ತಾಗುವುದಿಲ್ಲ. ಆ ತಗಡಿನ ಚಾವಣಿಯ ಕೆಳಗೆ ಮೊದಲಿನ ಮಾತು ಎಲ್ಲಿ ಹೋಯಿತೋ, ಕೊನೆಯ 'ಬಿಡು' ಮಾತ್ರ ನಾಲ್ಕು ಗೋಡೆಗೂ ಬಡಿದು ದೊಡ್ಡದಾಯಿತು. ಮೇಲೆ ಉಂಡೆಯಾಗಿದ್ದ ನನ್ನ ಮಗಳು ಮಂಡಿ ಬಿಟ್ಟಳು. ಅವಳ ಉದ್ದನೆಯ ಕಾಲುಗಳು ಗಾಳಿಯಲ್ಲಿ ಬಿಚ್ಚಿಕೊಂಡದ್ದನ್ನು, ಮುಖ ಚಾವಣಿಗೆ, ಬೆನ್ನು ನೀರಿಗೆ ಆದದ್ದನ್ನು ನಾನು ಕಂಡೆ.

"ಹಿಡಿ!" ಅಂತ ಅಕ್ಕ ಕೂಗಿದಳು. "ಹಿಡಿ, ಹಿಡಿ, ಹಿಡಿ!"

ಮಗಳ ಕೈಗಳು ಮಂಡಿ ಹುಡುಕಿದವು. ಒಂದು ಸಿಕ್ಕಿತು, ಇನ್ನೊಂದು ಜಾರಿತು. ಅಷ್ಟರಲ್ಲೇ ಮೈ ಮತ್ತೆ ಮಡಚಿ ಬಾಕಿಯಿದ್ದ ಸುತ್ತು ತಿರುಗಿತು. ಸೊಟ್ಟಗೆ, ಭುಜ ಕೆಳಗಾಗಿ ನೀರು ಸೇರಿದಳು. ನೀರು ಕೊಳದ ಬದಿಯವರೆಗೂ ಎರಚಿ ನಮ್ಮಿಬ್ಬರನ್ನೂ ತೋಯಿಸಿತು.

ಅಕ್ಕ ಚಪ್ಪಲಿ ಸಮೇತ ನೀರಿಗಿಳಿದಿದ್ದಳು. ಮಗಳ ತಲೆ ಮೇಲೆ ಬರುವುದನ್ನೇ ಕಾಯುತ್ತಾ ನಾನು ಅಂಚಿಗೆ ಓಡಿದೆ. ಬಂತು. ಕೆಮ್ಮಿದಳು. ನಾನು ಟೈಲ್ಸಿನ ಮೇಲೆ ಮಂಡಿಯೂರಿ ಅವಳ ಉಗುಳನ್ನು ನೋಡಿದೆ. ಬರೀ ನೀರು. ಭುಜ ಅಲ್ಲಾಡಿಸು ಅಂದೆ, ಅಲ್ಲಾಡಿಸಿದಳು. ಕುತ್ತಿಗೆ ತಿರುಗಿಸು ಅಂದೆ, ತಿರುಗಿಸಿದಳು.

"ಯಾಕೆ ದೊಡ್ಡಮ್ಮ ಅಷ್ಟು ಬೇಗ ಕೂಗಿದೆ?" ಅಂತ ಕೇಳಿದಳು.

"ಅವಳಲ್ಲ ಕಣೇ, ನಾನು," ಅಂದೆ. "ನಾನು ನಿನ್ನ ದೊಡ್ಡಮ್ಮನಿಗೆ ಹೇಳಿದ್ದು. ಕಣ್ಣು ಬಿಡು ಅಂತ."

ಅಕ್ಕ ನನ್ನ ಕಡೆ ತಿರುಗಿದಳು. ಟೋಪಿ ನೀರಿಗೆ ಬಿದ್ದು ಅರ್ಧಂಬರ್ಧ ಕೂದಲು ಮುಖಕ್ಕೆ ಅಂಟಿತ್ತು. ಬೈಯುತ್ತಾಳೆ ಅಂತ ಕಾದೆ. ಬೈದರೆ ಸಾಕು, ಹೊಡೆದರೂ ಸರಿ ಅನ್ನಿಸುತ್ತಿತ್ತು.

"ಕಣ್ಣು ಬಿಟ್ಕೊಂಡೇ ಇದ್ದೆ," ಅಂದಳು ಮೆತ್ತಗೆ. "ರಾತ್ರಿಯೆಲ್ಲ ಅದೇ ಯೋಚನೆ. ಇವತ್ತು ಏನಾದ್ರೂ ಆಗ್ಲಿ, ನೋಡ್ತೀನಿ ಅಂದ್ಕೊಂಡು ಬಂದಿದ್ದೆ. ಅವಳು ಕೆಳಗೆ ಬರ್ತಿದ್ಲಲ್ಲ, ನೋಡ್ತಾ ನೋಡ್ತಾ ತಲೆ ಇಳೀತು ಅಷ್ಟೇ."

ನಾನು ಅವಳ ಕೈ ಹಿಡಿಯಲು ಹೋದೆ, ಅವಳು ಬಿಡಿಸಿಕೊಂಡು ಮಗಳನ್ನು ಮೇಲೆ ಹತ್ತಿಸಿ ಬೆಂಚಿನ ಮೇಲೆ ಕೂರಿಸಿದಳು, ಟವೆಲ್ ಹೊದಿಸಿದಳು. ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಅಕ್ಕ ಮಗಳ ಮುಂದೆ ಕುಕ್ಕುರುಗಾಲಲ್ಲಿ ಕೂತಳು.

"ಒಂದು ಮಾತು ಕೇಳ್ತೀನಿ. ಅಮ್ಮ ಕೂಗಿದಾಗ ನಿನಗೆ ನೀರು ಯಾವ ಕಡೆ ಕಾಣ್ತು?"

ಇಷ್ಟು ವರ್ಷದಲ್ಲಿ ಅಕ್ಕ ಅವಳನ್ನು ಇಂಥ ಪ್ರಶ್ನೆ ಕೇಳಿದ್ದನ್ನು ನಾನು ಕೇಳಿಲ್ಲ. ಮಗಳು ಟವೆಲಿನ ಅಂಚು ತಿರುಚುತ್ತಾ ಕೂತಳು.

"ಕಾಣ್ಲಿಲ್ಲ," ಅಂದಳು.

"ಚಾವಣಿ ಕಾಣ್ತಾ?"

"ಏನೂ ಕಾಣ್ಲಿಲ್ಲ ದೊಡ್ಡಮ್ಮ. ನಾನು ಕಣ್ಣು ಮುಚ್ಕೊಂಡಿದ್ದೆ."

ಅಕ್ಕ ಇನ್ನಷ್ಟು ಹತ್ತಿರ ಸರಿದಳು. "ಇವತ್ತಾ?"

"ಆವತ್ತು ಬಿದ್ದಾಗಿಂದ. ತೆರೆದ್ರೆ ಹೆದರಿಕೆ ಆಗತ್ತೆ, ಮೈಯೆಲ್ಲ ಬಿಗಿಯಾಗತ್ತೆ. ಮುಚ್ಕೊಂಡ್ರೆ ನಿನ್ನ ಕೂಗು ಒಂದೇ ಕೇಳಿಸತ್ತೆ, ಅದಕ್ಕೆ."

"ಅಷ್ಟು ಮೇಲಿಂದ ಕಣ್ಣು ಮುಚ್ಕೊಂಡು ಹಾರೋಕೆ ಧೈರ್ಯ ಹೆಂಗೆ ಬಂತೇ ನಿನಗೆ?"

"ನೀನು ನೋಡ್ತಿರ್ತೀಯಲ್ಲ," ಅಂದಳು ಮಗಳು.

ಮೇಲೆ ಇವಳು ಕಣ್ಣು ಮುಚ್ಚಿ ಹಾರುತ್ತಿದ್ದಳು, ಕೆಳಗೆ ಅವಳು ಕಣ್ಣು ಮುಚ್ಚಿ ಕೂಗುತ್ತಿದ್ದಳು, ಮನೆಯಲ್ಲಿ ನಾನು ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದೆ. ಅಕ್ಕ ಆಗ ಸುಮ್ಮನಿದ್ದುಬಿಡಬಹುದಿತ್ತು. ನಾನಂತೂ ಬಾಯಿ ಬಿಡುತ್ತಿರಲಿಲ್ಲ, ಅಷ್ಟು ಅವಳಿಗೂ ಗೊತ್ತಿತ್ತು. ಮಗುವಿನ ಕಣ್ಣಲ್ಲಿ ಆ ಬಾಗಿಲಿನ ಫೋಟೋದ ಅಕ್ಕನೇ ಉಳಿದಿರುತ್ತಿದ್ದಳು.

"ನೋಡ್ತಿರ್ಲಿಲ್ಲ ಕಣೇ," ಅಂದಳು ಅಕ್ಕ. "ನಾನೂ ಮುಚ್ಕೊಂಡಿರ್ತಿದ್ದೆ. ನೀನು ಹಾರಿದ ತಕ್ಷಣ ನನ್ನ ಮೈ ಹಾರ್ತಿತ್ತು, ಅದು ಹೇಳಿದಾಗ ಕೂಗ್ತಿದ್ದೆ. ನಿನ್ನ ಡೈವ್ ನಾನು ಸರಿಯಾಗಿ ನೋಡಿದ್ದು ಇವತ್ತೇ."

ಮಗಳಿಗೆ ಮೊದಲು ತಿಳಿಯಲಿಲ್ಲ. ತಮಾಷೆ ಇರಬೇಕು ಅಂತ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಆಮೇಲೆ ಅವಳು ತಲೆಯೆತ್ತಿ ಮೇಲಿನ ಕಟ್ಟೆಯನ್ನು ನೋಡಿದಳು, ನೋಡುತ್ತಲೇ ಇದ್ದಳು. ಅವಳ ಹಲ್ಲು ಕಟಕಟ ಅನ್ನತೊಡಗಿತು.

"ನಾಳೆ ಸೆಲೆಕ್ಷನ್‌ಗೆ ಹೋಗೋದು ಬೇಡ," ಅಂದಳು ಅಕ್ಕ. "ಈ ವರ್ಷ ಹೋದ್ರೆ ಹೋಗ್ಲಿ. ಕೆಳಗಿನ ಹಲಗೆಯಿಂದ ಮತ್ತೆ ಶುರು ಮಾಡೋಣ, ಇಬ್ಬರೂ ಕಣ್ಣು ತೆರೆದುಕೊಂಡು. ಆಗತ್ತಾ?"

ಸೆಲೆಕ್ಷನ್ ತಪ್ಪಿಸಿದರೆ ಮನೆ ಬಿಟ್ಟು ಹೋಗ್ತೀನಿ ಅಂತ ಕೂಗಾಡಿದ್ದ ಹುಡುಗಿ ಇವಳು. ಈಗ ಬೆಂಚಿನ ಮೇಲೆ ಸರಿದು ನನ್ನ ಪಕ್ಕಕ್ಕೆ ಬಂದು, ಒದ್ದೆ ತಲೆಯನ್ನು ನನ್ನ ಭುಜಕ್ಕೆ ಒರಗಿಸಿದಳು. "ಹೂಂ" ಅಂದಳು, ಅಕ್ಕನ ಕಡೆ ನೋಡದೆ.

ಅಕ್ಕ ಹಾಗೇ ಕುಕ್ಕುರುಗಾಲಲ್ಲಿ ಕೂತಿದ್ದಳು. ಅವಳು ಮಾತ್ರ ಮಗಳ ಮುಖದಿಂದ ಕಣ್ಣು ತೆಗೆಯಲಿಲ್ಲ.